ಮುಳ್ಳಿಲಿ ಮೆಣಸವ್ವನ ಮೂರು ಮಕ್ಕಳು

ಬಾ ತುಂಗಿ, ಕಾಲು ಒಳಗೆ ಎಳ್ಕೋ, ಕಂಬಳಿ ನನಗೂ ಸ್ವಲ್ಪ ಬಿಡು. ಸಂಜೆಯಿಂದ ಯಾಕೆ ಮುಖ ಊದಿಸ್ಕೊಂಡಿದ್ದೀಯ ಅಂತ ನಿಮ್ಮಮ್ಮ ಹೇಳಿದ್ಲು. ಆಚೆಮನೆ ಆರು ಮಕ್ಕಳೂ ಸೇರ್ಕೊಂಡು, ನಿಮ್ಮನೇಲಿ ನೀನೊಬ್ಳೇ, ನೀನು ಲೆಕ್ಕಕ್ಕಿಲ್ಲ ಅಂದ್ರಂತೆ. ಅನ್ನಲಿ ಬಿಡು. ಆ ಆರನ್ನೂ ಬೆನ್ನು ತಟ್ಟಿ ಮೊದಲನೇ ಸಲ ಅಳಿಸಿದವಳು ನಾನೇ, ಅವರ ಲೆಕ್ಕವೆಲ್ಲ ನನಗೆ ಗೊತ್ತು. ಸೂಲಗಿತ್ತಿ ಮೊಮ್ಮಗಳು ಇಷ್ಟಕ್ಕೆಲ್ಲ ಅತ್ತರೆ ಹೇಗೆ. ಮೂಗು ಒರೆಸ್ಕೊಂಡು ಹೂಂಗುಟ್ಟು, ಕತೆ ಹೇಳ್ತೀನಿ. ನೀನು ಹೂಂ ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಕಾಲದಲ್ಲಿ, ಮರಗಳಿಗೆ ಇನ್ನೂ ಯಾರೂ ಕೊಡಲಿ ತೋರಿಸದೇ ಇದ್ದ ಕಾಲದಲ್ಲಿ, ಮೂರು ಹಳ್ಳ ಬಂದು ಒಂದಾಗೋ ಕಡೆ ಒಂದು ದೊಡ್ಡ ಕಾಡಿತ್ತಂತೆ. ಆ ಕಾಡಿನ ನಡುವೆ ಒಂದು ನಂದಿ ಮರ, ಹತ್ತು ಜನ ಕೈ ಕೈ ಹಿಡ್ಕೊಂಡ್ರೂ ಸುತ್ತು ಮುಗಿಯದಷ್ಟು ದಪ್ಪ, ಅದರ ಮೇಲ್ಗಡೆ ಕೊಂಬೆ ಕವಲಾಗೋ ಜಾಗದಲ್ಲಿ ಒಂದು ಪೊಟರೆ. ಆ ಪೊಟರೆಯಲ್ಲಿ ಮೆಣಸವ್ವ ಅನ್ನೋ ಮುಳ್ಳಿಲಿ ಸಂಸಾರ ಮಾಡ್ಕೊಂಡಿದ್ಲಂತೆ. ಮುಳ್ಳಿಲಿ ಅಂದ್ರೆ ನಮ್ಮ ಅಡುಗೆಮನೆ ಇಲಿ ಥರ ಅಲ್ಲ ಕಣೇ. ನನ್ನ ಅಂಗೈಯಷ್ಟುದ್ದ ಇರುತ್ತೆ, ಮೈ ಕಂದು, ಹೊಟ್ಟೆ ಬೆಳ್ಳಗೆ ಮೆತ್ತಗೆ. ಬೆನ್ನ ಮೇಲೆ ಕೂದಲ ನಡುನಡುವೆ ಚಪ್ಪಟೆ ಮುಳ್ಳು, ತಲೆಯಿಂದ ಬಾಲದ ಕಡೆ ಸವರಿದ್ರೆ ನುಣ್ಣಗೆ, ಬಾಲದಿಂದ ತಲೆ ಕಡೆ ಸವರಿದ್ರೆ ಕೈ ಚುಚ್ಚುತ್ತೆ. ಮೀಸೆ ಉದ್ದ, ಕಿವಿ ತೆಳ್ಳಗೆ. ಬಾಲ ಬುಡದಲ್ಲಿ ಬೋಳು, ತುದಿಗೆ ಬರ್ತಾ ಬರ್ತಾ ಜಡೆ ಕುಚ್ಚಿನ ಹಾಗೆ ಕೂದಲು, ತುತ್ತ ತುದಿ ಬಿಳಿ. ಕಾಡುಮೆಣಸಿನ ಬಳ್ಳಿ ಅಂದ್ರೆ ಇವಳಿಗೆ ಪ್ರಾಣ, ಅದಕ್ಕೇ ಮೆಣಸವ್ವ ಅಂತ ಹೆಸರು.

ಮುಂಗಾರಿಗೆ ಇನ್ನು ಹದಿನೈದು ದಿನ ಇದೆ ಅನ್ನೋವಾಗ ಮೆಣಸವ್ವಂಗೆ ನೋವು ಶುರುವಾಯ್ತಂತೆ. ಕಾಡಿನ ಸೂಲಗಿತ್ತಿ ಚಿಪ್ಪಜ್ಜಿ ಬಂದ್ಲಂತೆ. ಚಿಪ್ಪಜ್ಜಿ ಅಂದ್ರೆ ಚಿಪ್ಪುಹಂದಿ, ಮೈತುಂಬ ಹೆಂಚು ಹೊದಿಸಿದ ಹಾಗೆ ಚಿಪ್ಪು, ಬಾಯಲ್ಲಿ ಒಂದೂ ಹಲ್ಲಿಲ್ಲ, ಇರುವೆ ಗೆದ್ದಲು ಬಿಟ್ಟು ಇನ್ನೇನೂ ತಿನ್ನದವಳು, ಹಾಗಾಗಿ ಸಣ್ಣಪುಟ್ಟ ಪ್ರಾಣಿಗಳೆಲ್ಲ ಹೆದರದೆ ಅವಳ ಕೈಗೆ ಮಕ್ಕಳನ್ನ ಕೊಡ್ತಿದ್ವಂತೆ. ಮೆಣಸವ್ವಂಗೆ ಮೊದಲನೇ ಕೂಸು ಹುಟ್ತು, ಆಮೇಲೆ ಎರಡನೇದು, ಆಮೇಲೆ ಮೂರನೇದು, ಮೂರೂ ಕೆಂಪು ಕೆಂಪಗೆ, ಕಣ್ಣು ಮುಚ್ಕೊಂಡು, ನನ್ನ ಕಿರುಬೆರಳಿನ ಗೆಣ್ಣಿನಷ್ಟು. ಇನ್ನೂ ಇದೆಯಾ ಅಜ್ಜಿ ಅಂತ ಮೆಣಸವ್ವ ಕೇಳಿದ್ಲಂತೆ. ಇಲ್ಲ ತಾಯಿ, ನೀನು ಬೋರಲು ಮಲಗಿದ್ರೆ ನಿನ್ನ ಹೊಟ್ಟೆ ಕೆಳಗೆ ಎಷ್ಟು ಹಿಡೀತಾವೋ ಅಷ್ಟೇ ನಿನಗೆ ಹುಟ್ಟೋದು, ನಿನ್ನ ಮೈ ಅಳತೆ ಇಷ್ಟು ಅಂದ್ಲಂತೆ ಚಿಪ್ಪಜ್ಜಿ. ಮೆಣಸವ್ವ ಬೋರಲು ಮಲಗಿ ನೋಡಿದ್ರೆ ಮೂರೂ ಸರಿಯಾಗಿ ಒಳಗೆ, ಒಂದು ಕಾಲ್ಬೆರಳೂ ಆಚೆ ಇಲ್ಲ. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆವತ್ತೇ ಪೊಟರೆಗೆ ಹಸಿ ಎಲೆ ಹಾಸಿ, ಅದರ ಮೇಲೆ ಒಣ ಪಾಚಿ ಹಾಸಿ, ಮಳೆಗಾಲಕ್ಕೆ ಮನೆ ಕಟ್ಕೊಂಡ್ಲಂತೆ.

ಇತ್ತ ಅದೇ ವಾರ ಊರಿಂದ ಒಬ್ಬಳು ಹೆಗ್ಗಣ ಬಂದ್ಲಂತೆ, ಕಣಜಮ್ಮ ಅಂತ ಅವಳ ಹೆಸರು. ಗೌಡರ ಮನೆ ರಾಗಿ ಕಣಜದಲ್ಲಿ ಹುಟ್ಟಿ, ಅಲ್ಲೇ ತಿಂದು ಕೊಬ್ಬಿದವಳು, ಆ ಮನೆಗೆ ಎರಡು ಬೆಕ್ಕು ಬಂದವು ಅಂತ ಹೊಟ್ಟೆ ಹೊತ್ಕೊಂಡು ಕಾಡಿಗೆ ಓಡಿ ಬಂದಿದ್ಲು. ನಂದಿ ಮರದ ಬುಡದಲ್ಲೇ ಒಂದು ಬಿಲ ತೋಡ್ಕೊಂಡು ಹೆತ್ತಳಂತೆ, ಎಷ್ಟು ಅಂತೀಯ, ಹನ್ನೆರಡು. ನಾನು ಸೂಲಗಿತ್ತಿಯಾಗಿ ಇಷ್ಟು ವರ್ಷದಲ್ಲಿ ಒಂದೇ ಸಲ ಮೂರು ನೋಡಿದ್ದೀನಿ, ಅವತ್ತು ನನ್ನ ಸೊಂಟ ಬಿದ್ದು ಹೋಗಿತ್ತು. ಚಿಪ್ಪಜ್ಜಿ ಗತಿ ಯೋಚನೆ ಮಾಡು.

ಹೂಂಗುಟ್ಟಿದೆಯಾ? ಸರಿ.

ಆಮೇಲೆ ಏನಾಯ್ತಂತೆ, ಇರುವೆಗಳೆಲ್ಲ ಮೊಟ್ಟೆ ಕಚ್ಕೊಂಡು ಮರ ಹತ್ತೋಕೆ ಶುರು ಮಾಡಿದ್ವಂತೆ. ಇರುವೆ ಹತ್ತಿತು ಅಂದ್ರೆ ನೀರು ಬರುತ್ತೆ ಅಂತ ಲೆಕ್ಕ. ಮೂರು ಹಳ್ಳ ಕೂಡೋ ಜಾಗ ಅದು, ಮಳೆ ಹಿಡಿದ್ರೆ ಮರದ ಬುಡ ಎಲ್ಲ ನೀರು. ಕಣಜಮ್ಮ ತಲೆಯೆತ್ತಿ ಪೊಟರೆ ನೋಡಿದ್ಲಂತೆ, ನೋಡಿ ಕಾಡಿಗೆಲ್ಲ ಕೇಳೋ ಹಾಗೆ ಕೂಗಿದ್ಲಂತೆ. ಏನ್ರಯ್ಯಾ ಇದು ನಿಮ್ಮ ಕಾಡಿನ ನ್ಯಾಯ, ಹನ್ನೆರಡು ಮಕ್ಕಳ ತಾಯಿ ನಾನು ಕೆಸರಲ್ಲಿ ಮಲಗಬೇಕು, ಮೂರೇ ಮೂರು ಹೆತ್ತವಳು ಉಪ್ಪರಿಗೆಯಲ್ಲಿ ಕಾಲು ಚಾಚ್ಕೊಂಡು ಮಲಗಬೇಕು, ಇಳಿದು ಬಾರೇ ಕೆಳಗೆ ಅಂದ್ಲಂತೆ.

ಮೊಲ, ಅಳಿಲು, ಬಾವಲಿ, ಕಾಡುಕೋಳಿ ಎಲ್ಲ ಸೇರಿದ್ವಂತೆ. ಹನ್ನೆರಡು ಎಲ್ಲಿ ಮೂರು ಎಲ್ಲಿ, ಕಣಜಮ್ಮ ಹೇಳೋದು ಸರಿ ಅಂದ್ವಂತೆ. ಗುಂಪು ಯಾವಾಗಲೂ ಹಾಗೇ ಕಣೇ, ದೊಡ್ಡ ಸಂಖ್ಯೆ ಕೇಳಿದ್ರೆ ಬಾಯಿ ಬಿಡುತ್ತೆ. ಮೆಣಸವ್ವ ಪೊಟರೆ ಬಾಯಲ್ಲಿ ನಿಂತು, ನನ್ನ ಕೂಸುಗಳು ಇನ್ನೂ ಕಣ್ಣು ಬಿಟ್ಟಿಲ್ಲ, ನೆಲದಲ್ಲಿ ಬಿಲ ತೋಡೋದು ನಮ್ಮ ಜಾತಿಗೆ ಗೊತ್ತಿಲ್ಲ, ಈ ಪೊಟರೆ ಹೋದ್ರೆ ನನ್ನ ಮಕ್ಕಳು ಒಂದು ಮಳೆಗೂ ಉಳಿಯಲ್ಲ ಅಂದ್ಲಂತೆ. ಚಿಪ್ಪಜ್ಜಿ ಕಣಜಮ್ಮನ ಕಡೆ ತಿರುಗಿ, ದಿಣ್ಣೆ ಮೇಲೆ ನೀರು ಹತ್ತದ ಕಡೆ ನಿನಗೆ ನಾನೇ ಬಿಲ ತೋಡಿ ಕೊಡ್ತೀನಿ, ನನ್ನ ಉಗುರು ನೋಡಿದ್ದೀಯಲ್ಲ, ಅರ್ಧ ದಿನದ ಕೆಲಸ ಅಂದ್ಲಂತೆ. ಕಣಜಮ್ಮ ಮೂತಿ ತಿರುಗಿಸಿದ್ಲಂತೆ. ನಾನು ಕಣಜದಲ್ಲಿ ಹುಟ್ಟಿದವಳು, ಮಣ್ಣಿನ ಬಿಲ ನಿನಗೇ ಇರಲಿ, ನನಗೆ ಪೊಟರೇನೇ ಬೇಕು ಅಂದ್ಲಂತೆ.

ಆಗ ಚಿಪ್ಪಜ್ಜಿ, ಹಾಗಾದ್ರೆ ಕೇಳಿ, ನಾಳೆಯಿಂದ ಇಬ್ಬರ ಮಕ್ಕಳಿಗೂ ಮೂರು ಶಾಸ್ತ್ರ ಇದೆ, ನಾಳೆ ಎಣ್ಣೆನೀರು, ನಾಡಿದ್ದು ತೊಟ್ಟಿಲು, ಆಚೆ ನಾಡಿದ್ದು ಹೆಸರು. ಯಾವ ತಾಯಿ ತನ್ನ ಮಕ್ಕಳಷ್ಟನ್ನೂ ಮೂರೂ ಶಾಸ್ತ್ರ ಸರಿಯಾಗಿ ದಾಟಿಸ್ತಾಳೋ ಪೊಟರೆ ಅವಳದ್ದು, ಇಬ್ಬರೂ ದಾಟಿಸಿದ್ರೆ ಹೆಚ್ಚು ಮಕ್ಕಳಿದ್ದವಳದ್ದು ಅಂದ್ಲಂತೆ. ಎಲ್ಲರೂ ಆಗಲಿ ಅಂದ್ರು. ಮೆಣಸವ್ವ ತನ್ನ ಕೂಸುಗಳನ್ನ ಮತ್ತೆ ಎಣಿಸಿದ್ಲು. ಮೂರು ಹೇಗೆ ಲೆಕ್ಕ ಹಾಕಿದ್ರೂ ಹನ್ನೆರಡಾಗಲ್ಲವಲ್ಲ.

ಮೊದಲನೇ ದಿನ ಎಣ್ಣೆನೀರಂತೆ. ಹೊಂಗೆ ಎಣ್ಣೆ, ಬಿಸಿಲಿಗೆ ಕಾದ ಬಂಡೆ ಗುಳಿಯ ನೀರು. ಮೆಣಸವ್ವ ಒಂದೊಂದು ಕೂಸನ್ನ ಕುತ್ತಿಗೆ ಹತ್ತಿರ ಮೆಲ್ಲಗೆ ಕಚ್ಕೊಂಡು ಮರ ಇಳಿದು ಬಂದು, ಎಣ್ಣೆ ಹಚ್ಚಿ, ಕಿವಿ ಹಿಂದೆ ತಿಕ್ಕಿ, ಬೆರಳು ಬೆರಳು ಬಿಡಿಸಿ ತೊಳೆದು, ನಾಲಿಗೆಯಲ್ಲಿ ಒರೆಸಿ ಇಟ್ಲಂತೆ. ತೊಳೆಯೋವಾಗ ಅವಳಿಗೆ ಒಂದೊಂದರ ಗುರುತೂ ಸಿಕ್ತಂತೆ. ಒಂದಕ್ಕೆ ಆಗಲೇ ನಾಲ್ಕು ಮೀಸೆ, ಒಂದರ ಬಾಲದ ತುದಿ ಈಗಲೇ ಒಂಚೂರು ಬೆಳ್ಳಗೆ, ಇನ್ನೊಂದು ಸದಾ ಒದೆಯುತ್ತೆ. ಈ ಕಡೆ ಕಣಜಮ್ಮ ಹನ್ನೆರಡನ್ನೂ ಗುಡ್ಡೆ ಹಾಕ್ಕೊಂಡು, ಮೇಲಿದ್ದ ನಾಲ್ಕಕ್ಕೇ ಮೂರು ಮೂರು ಸಲ ಎಣ್ಣೆ ಬಳಿದು, ಅಡಿಯಲ್ಲಿದ್ದ ಎಂಟನ್ನ ಮುಟ್ಟದೇ, ಆಯ್ತು ಅಂತ ಎದ್ದಳಂತೆ. ದೂರದಿಂದ ನೋಡಿದವರಿಗೆ ಗುಡ್ಡೆ ಮಿರಮಿರ ಮಿಂಚ್ತಾ ಇತ್ತು. ಎಂಥಾ ತುಂಬಿದ ಸಂಸಾರ ಅಂತ ಗುಂಪು ಹೊಗಳಿತಂತೆ. ಚಿಪ್ಪಜ್ಜಿ ಗುಡ್ಡೆಯನ್ನೇ ಒಂದು ಗಳಿಗೆ ನೋಡಿ, ತೀರ್ಪು ಮೂರನೇ ದಿನಕ್ಕೆ ಅಂತ ಹೋದಳಂತೆ.

ಕಣಜಮ್ಮ ಸುಮ್ನಿರಬೇಕಲ್ಲ. ಮೆಣಸವ್ವನ ಹತ್ತಿರ ಬಂದು, ಅಲ್ವೇ, ಈ ಮುಳ್ಳು ಮೈ ಇಟ್ಕೊಂಡು ಮಕ್ಕಳನ್ನ ಹೇಗೆ ತಬ್ಕೊಳ್ತೀಯೇ, ಬಾಲಕ್ಕೆ ಯಾವಾಗ ಮಜ್ಜಿಗೆ ಚೆಲ್ಕೊಂಡೆಯೇ, ನಿನ್ನ ಆಕಾರಕ್ಕೆ ಮೂರಾದರೂ ಹುಟ್ಟಿದ್ದು ದೊಡ್ಡದು ಅಂದ್ಲಂತೆ. ಎಲ್ಲರೂ ನಕ್ಕರಂತೆ. ಮೆಣಸವ್ವ ಪೊಟರೆಗೆ ಬಂದು ಮಕ್ಕಳ ಮೇಲೆ ಬೋರಲು ಮಲಗಿ, ನೀವು ನಾಲ್ಕಾಗಿದ್ರೆ, ಐದಾಗಿದ್ರೆ ಅಂತ ಅತ್ತಳಂತೆ. ಆ ಕೂಸುಗಳಿಗೇನು ಗೊತ್ತು, ಹಾಲು ಕುಡ್ಕೊಂಡು ಮಲಗಿದ್ವು.

ನೀನು ಹಲ್ಲು ಕಚ್ಚಬೇಡ ತುಂಗಿ, ನಗುವವರು ಇನ್ನೂ ಸ್ವಲ್ಪ ನಗಲಿ.

ಎರಡನೇ ದಿನ ತೊಟ್ಟಿಲು ಶಾಸ್ತ್ರವಂತೆ. ನಿನ್ನನ್ನ ತೊಟ್ಟಿಲಿಗೆ ಹಾಕೋವಾಗ ನಾವು ಏನು ಮಾಡಿದ್ವಿ ಗೊತ್ತಾ, ರುಬ್ಬೋ ಕಲ್ಲಿನ ಗುಂಡಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಅದನ್ನ ಮೊದಲು ತೊಟ್ಟಿಲಲ್ಲಿ ಮಲಗಿಸಿ ತೂಗಿದ್ವಿ, ಆಮೇಲೆ ನಿನ್ನ ಮಲಗಿಸಿದ್ದು. ಕೂಸು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರಲಿ, ಗಾಳಿಗೀಳಿ ಸೋಕದಿರಲಿ ಅಂತ. ಆ ಕಾಡಲ್ಲೂ ಅದೇ ಶಾಸ್ತ್ರ. ಚಿಪ್ಪಜ್ಜಿ ಹಳ್ಳದಿಂದ ಕೂಸುಗಳ ಗಾತ್ರದ್ದೇ ಎರಡು ನುಣುಪು ಕಲ್ಲು ತಂದು, ಎಲೆ ಸುತ್ತಿ, ಇಬ್ಬರಿಗೂ ಒಂದೊಂದು ಕೊಟ್ಲಂತೆ. ಮಕ್ಕಳಿಗೂ ಎಲೆ ಸುತ್ತಿ ಕಲ್ಲಿನ ಪಕ್ಕದಲ್ಲೇ ಮಲಗಿಸಿಕೊಳ್ಳಿ, ನಾಳೆ ಹೆಸರಿಡೋವರೆಗೂ ಕಲ್ಲು ಮಕ್ಕಳ ಜೊತೆಗೇ ಇರಬೇಕು ಅಂದ್ಲಂತೆ.

ಮೆಣಸವ್ವ ಒಂದು ಪುಟ್ಟ ಎಲೆ ತೊಟ್ಟಿಲಲ್ಲಿ ಕಲ್ಲು ಮಲಗಿಸಿ, ಮೂರು ಕೂಸು ಮಲಗಿಸಿ ತೂಗಿದ್ಲಂತೆ. ಕಣಜಮ್ಮಂಗೆ ತೊಟ್ಟಿಲು ಸಾಲದೇ ಒಂದು ದೊಡ್ಡ ಮರದ ತೊಗಟೆ ತಂದ್ಲಂತೆ, ದೋಣಿ ಥರ. ಕಲ್ಲು ಹಾಕಿ, ಹನ್ನೆರಡು ಕೂಸು ಸುರಿದು, ಹೆಮ್ಮೆಯಿಂದ ಕಾಡಿಗೆಲ್ಲ ಒಂದು ಸುತ್ತು ಮೆರವಣಿಗೆ ಎಳ್ಕೊಂಡು ಹೋದಳಂತೆ, ನೋಡಿ ನೋಡಿ ಅಂತ. ಹಳ್ಳದ ದಂಡೇಲಿ ಒಂದು ಬೇರಿಗೆ ತೊಗಟೆ ತಗುಲಿ ಓರೆಯಾಯ್ತು, ಅಂಚಿನಲ್ಲಿದ್ದ ಎಲ್ಲಕ್ಕಿಂತ ಸಣ್ಣ ಕೂಸು ಉರುಳಿ ಹುಲ್ಲಿಗೆ ಬಿತ್ತು. ಅವಳ ಕಣ್ಣು ನೋಡುವವರ ಮೇಲಿತ್ತು, ಕೂಸುಗಳ ಮೇಲಿರಲಿಲ್ಲ. ಬಿಲಕ್ಕೆ ಬಂದು, ದಿನಾ ಮಾಡೋ ಹಾಗೆ ಕತ್ತಲಲ್ಲಿ ಕೈಯಾಡಿಸಿ ಎಣಿಸಿದ್ಲಂತೆ. ಒಂದು, ಎರಡು, ಮೂರು, ಹೀಗೆ ಎಣಿಸಿ ಹನ್ನೆರಡು ಬಂತು. ಸರಿಯಾಗಿದೆ ಅಂತ ಗೊರಕೆ ಹೊಡೆದಳಂತೆ. ಹನ್ನೆರಡನೇದು ಏನು ಹೇಳು ನೋಡೋಣ.

ಹೌದು ಕಣೇ ಜಾಣೆ, ಕಲ್ಲು. ಮಕ್ಕಳ ನಡುವೆ ಮಲಗಿ ಅದೂ ಬೆಚ್ಚಗಾಗಿತ್ತು.

ಸೂರ್ಯ ಇನ್ನೇನು ಇಳೀತಾನೆ ಅನ್ನೋ ಹೊತ್ತಿಗೆ ಮೆಣಸವ್ವಂಗೆ ಕೀಚ್ ಅಂತ ಸಣ್ಣ ಸದ್ದು ಕೇಳಿಸ್ತಂತೆ. ತೆಳ್ಳಗಿನ ಕಿವಿ ಅವಳದ್ದು. ತನ್ನ ಮೂರನ್ನ ನೋಡಿದ್ಲು, ಮೂರೂ ಇವೆ. ಮತ್ತೆ ಕೀಚ್. ಇದು ಹಸಿದ ಕೂಸಿನ ಕೂಗು, ಯಾರದ್ದಾದ್ರೂ ಆಗಲಿ ಅಂತ ಪೊಟರೆ ಬಾಯಿಗೆ ಎಲೆ ಮುಚ್ಚಿ, ಮರ ಇಳಿದು, ಮೀಸೆಯಲ್ಲಿ ದಾರಿ ತಡವುತ್ತಾ ಹಳ್ಳದ ಹತ್ತಿರ ಬಂದ್ಲಂತೆ. ಮೋಡದಿಂದ ಮೊದಲನೇ ಹನಿಗಳು ಬೀಳ್ತಾ ಇವೆ, ಹುಲ್ಲಲ್ಲಿ ಒಂದು ಕೆಂಪು ಕೂಸು, ತಣ್ಣಗೆ ಕೊರೆದು ಹೋಗಿದೆ. ಮೂಸಿ ನೋಡಿದ್ಲು, ರಾಗಿ ಹೊಟ್ಟಿನ ವಾಸನೆ. ಎಡಗಿವಿ ಮಡಚ್ಕೊಂಡಿದೆ. ಕಣಜಮ್ಮನದ್ದು ಅಂತ ತಿಳೀತಂತೆ.

ಬಿಲದ ಬಾಯಿಗೆ ಹೋಗಿ ಕರೆದಳಂತೆ, ಅಕ್ಕಾ ಅಕ್ಕಾ ಅಂತ. ಒಳಗಿಂದ ಕಣಜಮ್ಮ, ಪೊಟರೆ ಕೇಳ್ಕೊಂಡು ಬಂದೆಯಾ, ನಾಳೆ ನೋಡ್ಕೋ ಹೋಗು ಅಂತ ಕೂಗಿದ್ಲು. ಇಲ್ಲಕ್ಕ, ನಿನ್ನದೊಂದು ಕೂಸು ಹೊರಗಿದೆ ಅಂದ್ರೆ, ನನ್ನ ಹನ್ನೆರಡೂ ಇಲ್ಲೇ ಇವೆ, ಈಗಷ್ಟೇ ಎಣಿಸಿದ್ದೀನಿ, ನಾಟಕ ಬೇಡ ಅಂತ ಒಳಗಿಂದ ಮಣ್ಣು ತಳ್ಳಿ ಬಾಗಿಲು ಮುಚ್ಕೊಂಡ್ಲಂತೆ. ನನಗೆ ಇದನ್ನ ಹೇಳೋವಾಗೆಲ್ಲ ಸಿಟ್ಟು ಬರುತ್ತೆ. ಕೂಸು ಹೊರಗೆ ಅಳ್ತಿದೆ ಅಂದ್ರೆ ಲೆಕ್ಕ ಸರಿ ಇದ್ರೂ ಎದ್ದು ಬಂದು ನೋಡಬೇಕಲ್ಲ. ಮೆಣಸವ್ವ ಏನು ಮಾಡ್ತಾಳೆ, ಕೂಸನ್ನ ಕಚ್ಕೊಂಡು ಮರ ಹತ್ತಿದ್ಲಂತೆ.

ಹತ್ತೋವಾಗ ನೋಡ್ತಾಳೆ, ಮೇಲ್ಗಡೆ ಮಳೆಯಾಗಿ ಏರ್ತಿದ್ದ ಹಳ್ಳದ ನೀರಿಗೆ ಹೆದರಿ ಒಂದು ಕೇರೆಹಾವೂ ಮರ ಹತ್ತುತ್ತಾ ಇದೆ. ಅದೂ ಪೊಟರೆ ಕಡೆಗೇ. ಮೆಣಸವ್ವ ಇನ್ನೊಂದು ಪಕ್ಕದ ಬಳ್ಳಿ ಹಿಡಿದು, ಉಗುರು ಊರಿ ಊರಿ ಓಡಿ, ಹಾವಿಗಿಂತ ಒಂದು ಮೊಳ ಮುಂಚೆ ಪೊಟರೆ ಸೇರಿದ್ಲಂತೆ. ನಾಲ್ಕನ್ನೂ ಒಟ್ಟಿಗೆ ಹಾಕಿ ಬೋರಲು ಮಲಗಿದ್ಲು. ಮೂರು ಹಿಡೀತು, ನಾಲ್ಕನೇದರ ಅರ್ಧ ಮೈ ಆಚೆ. ಎಳೆದ್ಲು, ಇತ್ತ ತನ್ನದೊಂದು ಆಚೆ. ಸೂಲಗಿತ್ತಿ ಹೇಳಿದ ಅಳತೆ ಅಲ್ಲವಾ ಅದು. ಆಗ ಅವಳು ಉಸಿರು ಬಿಟ್ಟು, ಪಕ್ಕೆ ಚಪ್ಪಟೆ ಮಾಡಿ, ಕೈಕಾಲು ಅಗಲಕ್ಕೆ ಚಾಚಿ, ಮೈಯನ್ನ ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿದ್ಲಂತೆ. ನಾಲ್ಕೂ ಒಳಗೆ ಬಂದವು. ಬೆನ್ನನ್ನ ಪೊಟರೆ ಬಾಯಿಗೆ ತಿರುಗಿಸಿ, ಕದಲದೇ ಕಾದಳಂತೆ.

ಹಾವು ತಲೆ ಒಳಗೆ ಹಾಕ್ತು. ಮಬ್ಬು ಬೆಳಕಲ್ಲಿ ಮೊದಲು ಕಾಣಿಸಿದ್ದು ಬಾಲದ ಬಿಳಿ ಕುಚ್ಚು, ಮೆಣಸವ್ವ ಬೇಕಂತಲೇ ಅದನ್ನ ಒಂದು ಪಕ್ಕಕ್ಕೆ ಚಾಚಿ ಅಲ್ಲಾಡಿಸಿದ್ಲು. ಮರಿ ಅಂದ್ಕೊಂಡು ಹಾವು ಬಾಯಿ ಹಾಕ್ತು, ಬಾಯಿ ತುಂಬ ಕೂದಲು, ಥೂ ಅಂತ ಬಿಡ್ತು. ಎರಡನೇ ಸಲ ಬೆನ್ನಿಗೇ ಬಾಯಿ ಹಾಕ್ತು. ಬಾಲದ ಕಡೆಯಿಂದ ತಲೆ ಕಡೆಗೆ ಬಾಯಿ ಹಾಕಿದ್ರೆ ಏನಾಗುತ್ತೆ ಅಂತ ಆಗಲೇ ಹೇಳಿದ್ದೀನಿ, ಮುಳ್ಳೆಲ್ಲ ಎದ್ದು ಅಂಗುಳಕ್ಕೆ ಚುಚ್ಕೊಂಡವು. ಮೂರನೇ ಸಲ ಸಿಟ್ಟಿನಿಂದ ಇನ್ನೂ ದೊಡ್ಡದಾಗಿ ಬಾಯಿ ತೆಗೀತು, ಮೆಣಸವ್ವ ತಾನಾಗಿಯೇ ಬೆನ್ನನ್ನ ಹಿಂದಕ್ಕೆ ಒತ್ತಿದ್ಲು. ಹಾವು ನೋವಿಗೆ ತಲೆ ಕೊಡವಿ, ಹಿಡಿತ ತಪ್ಪಿ, ದಬಕ್ ಅಂತ ಹಳ್ಳಕ್ಕೆ ಬಿದ್ದು, ನೀರಿನ ಜೊತೆ ಹೋಯ್ತಂತೆ. ಮೆಣಸವ್ವಂಗೆ ಬೆನ್ನಲ್ಲಿ ಗಾಯ, ಬಾಲದಲ್ಲಿ ಗಾಯ. ಹೊಟ್ಟೆ ಕೆಳಗೆ ನಾಲ್ಕೂ ಹಾಲು ಕುಡೀತಾ ಇದ್ವಂತೆ.

ಮೂರನೇ ದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ನೀರು ಮರದ ಬೇರು ಮುಟ್ಟಿತ್ತು. ಹೆಸರಿಡೋ ಶಾಸ್ತ್ರಕ್ಕೆ ಕಾಡೆಲ್ಲ ಬಂದು ಕೂತಿದೆ. ಮೆಣಸವ್ವ ಇಳಿಯೋಕೆ ಮುಂಚೆ ಅಳಿಲು ಪೊಟರೆಯೊಳಗೆ ಇಣುಕಿ ನೋಡಿತ್ತಂತೆ, ನಾಲ್ಕು ಕೂಸು ಕಂಡು ಎಲ್ಲಾ ಅರ್ಥವಾಗಿ ಅವಳ ಕಿವೀಲಿ ಹೇಳ್ತಂತೆ. ಲೇ ಮೆಣಸವ್ವ, ತೀರ್ಪು ಆಗೋವರೆಗೆ ಬಾಯಿ ಬಿಡಬೇಡ, ಕಣಜಮ್ಮನ ಲೆಕ್ಕ ತಪ್ಪಿದ್ರೆ ಪೊಟರೆ ನಿನ್ನದೇ, ಆಮೇಲೆ ಬೇಕಾದ್ರೆ ಕೂಸು ಕೊಡು, ಈಗಲೇ ಕೊಟ್ರೆ ಅವಳಿಗೆ ಹನ್ನೆರಡಾಗುತ್ತೆ, ನೀನು ಬೀದಿಗೆ ಬೀಳ್ತೀಯ ಅಂತು. ಅಳಿಲು ಹೇಳಿದ್ದರಲ್ಲಿ ಸುಳ್ಳೇನಿತ್ತು ಹೇಳು. ಮೆಣಸವ್ವ ನಾಲ್ಕು ಕೂಸಿಗೂ ಎಲೆ ಹೊದಿಸಿ ಇಳಿಸ್ಕೊಂಡು ಬಂದ್ಲಂತೆ.

ಕಣಜಮ್ಮನ ಸರದಿ ಮೊದಲು. ಒಂದೊಂದು ಕೂಸನ್ನೂ ಹೆಸರು ಹೇಳಿ ನನ್ನ ಕೈಗೆ ಕೊಡು ಅಂದ್ಲಂತೆ ಚಿಪ್ಪಜ್ಜಿ. ಹೆಸರು ಏನಜ್ಜಿ ಹೆಸರು, ಹನ್ನೆರಡು ಮಕ್ಕಳಿಗೆ ಹೆಸರು ಹುಡುಕ್ತಾ ಕೂತ್ಕೊಂಡ್ರೆ ಆಯ್ತು, ತಗೋ ಇದು ಒಂದು, ಇದು ಎರಡು, ಇದು ಮೂರು ಅಂತ ಕಣಜಮ್ಮ ಕೊಡ್ತಾ ಹೋದಳಂತೆ. ಚಿಪ್ಪಜ್ಜಿ ಒಂದೊಂದರ ಎಲೆ ಬಿಡಿಸಿ, ಕೆನ್ನೆ ಮುಟ್ಟಿ, ಪಕ್ಕಕ್ಕಿಟ್ಲು. ಹನ್ನೊಂದು ಆಯ್ತು. ಇದು ಹನ್ನೆರಡು ಅಂತ ಕಣಜಮ್ಮ ಕೊಟ್ಟಿದ್ದನ್ನ ಬಿಡಿಸಿದ್ರೆ ಕಲ್ಲು.

ಕಣಜಮ್ಮ ಮೊದಲು ನಕ್ಕಳಂತೆ, ಆಮೇಲೆ ಬಿಲಕ್ಕೆ ಓಡಿ ಹೋಗಿ ನೋಡಿ ಬಂದ್ಲು, ಆಮೇಲೆ ಹನ್ನೊಂದನ್ನೂ ಮತ್ತೆ ಮೂರು ಸಲ ಎಣಿಸಿದ್ಲು. ಹನ್ನೊಂದೇ. ಆಗ ಆ ಕಲ್ಲನ್ನ ಎದೆಗೆ ಒತ್ಕೊಂಡು, ನನ್ನ ಕೂಸು ಕಲ್ಲಾಗಿ ಹೋಯ್ತು, ನಾನು ಮೆರೆದದ್ದಕ್ಕೆ ಕಲ್ಲಾಗಿ ಹೋಯ್ತು ಅಂತ ಅತ್ತಳಂತೆ. ಆ ಅಳು ಕೇಳಿ ಮೊನ್ನೆ ನಕ್ಕವರೆಲ್ಲ ತಲೆ ತಗ್ಗಿಸಿದ್ರು. ಚಿಪ್ಪಜ್ಜಿ ಕೇಳಿದ್ಲಂತೆ, ಹೋದ ಕೂಸಿನ ಗುರುತು ಏನು ತಾಯಿ, ಹೇಳು, ಹುಡುಕ್ತೀವಿ. ಕಣಜಮ್ಮ ಬಾಯಿ ತೆರೆದ್ಲು, ಒಂದು ಗುರುತೂ ಬರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಹನ್ನೆರಡು ಅನ್ನೋ ಲೆಕ್ಕ ಒಂದೇ.

ಅಳಿಲು ಮೆಣಸವ್ವನ ಕಡೆ ನೋಡ್ತು, ಸುಮ್ನಿರು ಅಂತ. ಮೆಣಸವ್ವ ಎದ್ದು ನಿಂತ್ಲಂತೆ. ಅಜ್ಜಿ, ಮಧ್ಯೆ ಮಾತಾಡ್ತೀನಿ ಅಂತ ಬೇಜಾರಾಗಬೇಡ, ಈ ಅಳು ನಾನು ಕೇಳಲಾರೆ. ನನ್ನ ಮಕ್ಕಳ ಹೆಸರು ಮೊದಲು ಹೇಳ್ತೀನಿ. ಇವನು ಮೀಸ, ಕಣ್ಣಿಗಿಂತ ಮೊದಲು ಮೀಸೆ ಬಂದವನು. ಇವಳು ಕುಚ್ಚಿ, ಬಾಲದ ತುದಿ ನೋಡು. ಇವಳು ಪಾಚಿ, ಒದ್ದು ಒದ್ದು ಹಾಸಿದ ಪಾಚಿಯೆಲ್ಲ ಚೆಲ್ಲಿದವಳು. ಇನ್ನು ಈ ನಾಲ್ಕನೇದು ನನ್ನದಲ್ಲ. ಎಡಗಿವಿ ಮಡಚಿದೆ, ಮೈಗೆ ರಾಗಿ ಹೊಟ್ಟಿನ ವಾಸನೆ, ಹಾಲು ಕುಡಿಯೋವಾಗ ಮಧ್ಯೆ ಒಂದು ಸಲ ನಿಲ್ಲಿಸಿ ನಿಟ್ಟುಸಿರು ಬಿಡುತ್ತೆ. ಹೆಸರಿಟ್ಟಿಲ್ಲ. ಹೆಸರಿಡೋ ಹಕ್ಕು ಹೆತ್ತವಳದ್ದು. ತಗೋ ಅಕ್ಕ, ನಿನ್ನ ಹನ್ನೆರಡನೇದು ಅಂದ್ಲಂತೆ.

ಕಣಜಮ್ಮ ಕೂಸನ್ನ ಕಸ್ಕೊಂಡ ಹಾಗೆ ತಗೊಂಡು ಮೂಸಿದ್ಲು, ಮುದ್ದಿಟ್ಲು, ಕಿವಿ ನೋಡಿದ್ಲು. ಆ ಮಡಚಿದ ಕಿವಿಯನ್ನ ಅವಳು ನೋಡಿದ್ದು ಅದೇ ಮೊದಲು. ಆಮೇಲೆ ಮೆಣಸವ್ವನ ಬೆನ್ನ ಮೇಲಿನ ಗಾಯ ನೋಡಿದ್ಲು. ಇದೇನೇ ಅಂತ ಕೇಳಿದ್ಲಂತೆ. ಹಾವು ಬಂದಿತ್ತಕ್ಕ, ಹೋಯ್ತು ಅಂದ್ಲಂತೆ ಮೆಣಸವ್ವ, ಅಷ್ಟೇ.

ಮೊಲಕ್ಕೆ ಬುದ್ಧಿ ಸ್ವಲ್ಪ ಕಮ್ಮಿ, ಈಗ ಹನ್ನೆರಡು ಸರಿಹೋಯ್ತಲ್ಲ, ಲೆಕ್ಕದ ಪ್ರಕಾರ ಪೊಟರೆ ಕಣಜಮ್ಮನದ್ದೇ ಅಲ್ವಾ ಅಂತು. ಚಿಪ್ಪಜ್ಜಿ ಉತ್ತರ ಕೊಡೋಕೆ ಮುಂಚೆ ಕಣಜಮ್ಮನೇ ಅದರ ಕಡೆ ತಿರುಗಿದ್ಲಂತೆ. ಬಾಯಿ ಮುಚ್ಚೋ, ನಾನು ಹನ್ನೊಂದು ಕೂಸು ಒಂದು ಕಲ್ಲು ತಂದವಳು, ಅವಳು ಮೂರು ತರಬೇಕಾದಲ್ಲಿ ನಾಲ್ಕು ತಂದವಳು, ಎಣಿಸೋಕೆ ಬರುತ್ತೇನೋ ನಿನಗೆ, ಪೊಟರೆ ಅವಳದ್ದು ಅಂದ್ಲಂತೆ. ಕಾಡೆಲ್ಲ ಹೋ ಅಂತು. ಬಾವಲಿಗಳು ತಲೆಕೆಳಗಾಗೇ ರೆಕ್ಕೆ ಬಡಿದ್ವು, ಕಾಡುಕೋಳಿ ಹೊತ್ತಲ್ಲದ ಹೊತ್ತಲ್ಲಿ ಕೂಗ್ತು. ಚಿಪ್ಪಜ್ಜಿ, ನಾನು ಹೇಳಬೇಕಾದ್ದನ್ನ ಇವಳೇ ಹೇಳಿದ್ಲು, ನನಗೆ ಕೆಲಸ ಉಳೀತು ಅಂದ್ಲಂತೆ.

ಆಮೇಲೆ ಚಿಪ್ಪಜ್ಜಿ ದಿಣ್ಣೆ ಮೇಲೆ ಹೋಗಿ, ಆ ದೊಡ್ಡ ಉಗುರಿನಿಂದ ಮಧ್ಯಾಹ್ನದೊಳಗೆ ಒಂದು ಬಿಲ ತೋಡಿದ್ಲಂತೆ, ಕಣಜದಷ್ಟು ದೊಡ್ಡದು, ಕಣಜಮ್ಮ ಈ ಸಲ ಮೂತಿ ತಿರುಗಿಸಲಿಲ್ಲ. ನೀರು ಬರೋದರೊಳಗೆ ಹನ್ನೆರಡನ್ನೂ ಸಾಗಿಸಬೇಕಲ್ಲ, ಮರದ ಬುಡದಿಂದ ದಿಣ್ಣೆವರೆಗೂ ಎಲ್ಲರೂ ಸಾಲಾಗಿ ನಿಂತ್ರು, ಮೊದಲು ಕಣಜಮ್ಮ, ಪಕ್ಕದಲ್ಲಿ ಮೆಣಸವ್ವ. ಕಣಜಮ್ಮ ಒಂದೊಂದು ಕೂಸನ್ನ ಎತ್ತಿ, ಮುಖ ನೋಡಿ, ಗುರುತು ಹುಡುಕಿ, ಹೆಸರಿಟ್ಟು ಕೊಡೋಳು. ಇವಳು ಕೆಂಪಿ, ಇವನು ಮೊಂಡ, ಇವಳು ಆಕಳಿಕೆ ಸಿದ್ದಿ, ಅಂತ. ಆ ಹೆಸರು ಸಾಲಿನುದ್ದಕ್ಕೂ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ದಿಣ್ಣೆ ಹತ್ತೋದು, ಕೂಸೂ ಅದರ ಹಿಂದೆ ಹತ್ತೋದು. ಕೊನೇ ಕೂಸು ಬಂದಾಗ ಕಣಜಮ್ಮ ಅದರ ಮಡಚಿದ ಕಿವಿ ಸವರಿ, ಇವನು ಗುಂಡ, ಇವನ ಜಾಗದಲ್ಲಿ ಒಂದು ರಾತ್ರಿ ಗುಂಡುಕಲ್ಲು ಮಲಗಿತ್ತು, ನಾನು ಸಾಯೋವರೆಗೂ ಮರೀಬಾರದು ಅಂದ್ಲಂತೆ.

ಆವತ್ತು ಸಂಜೆ ಮೂರು ಹಳ್ಳವೂ ತುಂಬಿ ಬಂದವಂತೆ. ಒಂದು ಕೂಸೂ ನೆನೆಯಲಿಲ್ಲ. ಮೆಣಸವ್ವ ತನ್ನ ಪೊಟರೆಯಲ್ಲಿ ಮೀಸ, ಕುಚ್ಚಿ, ಪಾಚಿಯನ್ನ ಹೊಟ್ಟೆ ಕೆಳಗೆ ಹಾಕ್ಕೊಂಡು ಮಲಗಿದ್ಲು, ಬೆನ್ನು ಬಾಗಿಲ ಕಡೆಗೆ. ಇವತ್ತಿಗೂ ಮುಳ್ಳಿಲಿ ಹಾಗೇ ಮಲಗೋದಂತೆ. ಅವಳ ಜಾತಿಗೆ ಇವತ್ತಿಗೂ ಎರಡೋ ಮೂರೋ ಮರಿ, ಅಪ್ಪಿತಪ್ಪಿ ನಾಲ್ಕು. ಅದಕ್ಕಿಂತ ಹೆಚ್ಚಿಲ್ಲ, ಮೈ ಎಷ್ಟು ಮುಚ್ಚುತ್ತೋ ಅಷ್ಟೇ. ಗುಂಡ ಮಾತ್ರ ದೊಡ್ಡವನಾಗಿ, ಮೈ ಭಾರ ಆದ್ರೂ ಹಾಗೂ ಹೀಗೂ ಮರ ಹತ್ತಿ, ವರ್ಷಕ್ಕೊಂದು ಸಲ ಸಾಕಿದ ತಾಯಿಗೆ ಒಂದು ಬೊಗಸೆ ರಾಗಿ ತಂದು ಕೊಡ್ತಿದ್ನಂತೆ.

ನಿದ್ದೆ ಬಂತಾ? ಇನ್ನೊಂದೇ ಮಾತು. ನನ್ನನ್ನ ಊರವರೆಲ್ಲ ಕೇಳ್ತಾರೆ, ಅಜ್ಜಿ ನೀನು ಎಷ್ಟು ಹೆರಿಗೆ ಮಾಡಿಸಿದ್ದೀಯ ಅಂತ. ನನಗೆ ಲೆಕ್ಕ ಗೊತ್ತಿಲ್ಲ ಕಣೇ. ಹೆಸರು ಕೇಳು, ಯಾರು ಯಾವ ಮಳೆಯಲ್ಲಿ ಹುಟ್ಟಿದ್ರು, ಯಾರು ಹುಟ್ಟಿದ ಕೂಡಲೇ ಸೀನಿದ್ರು, ಒಂದೂ ಬಿಡದೆ ಹೇಳ್ತೀನಿ. ನೀನು ಹುಟ್ಟಿದಾಗ ಬಲಗೈ ಮುಷ್ಟಿ ಬಿಡಿಸಲೇ ಇಲ್ಲ, ಮೂರು ದಿನ. ನಾನು ಬಿಸಿ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಡಿಸಿದ್ದು. ನಾಳೆ ಆಚೆಮನೆ ಮಕ್ಕಳು ನೀನು ಒಬ್ಳೇ ಅಂದ್ರೆ, ಹೌದು, ನಾನು ತುಂಗಿ ಅನ್ನು. ಅಷ್ಟು ಸಾಕು.

ಕತೆ ಪೊಟರೆ ಸೇರ್ತು, ಅಲ್ಲಿಗೆ ಮುಗೀತು. ಇನ್ನು ಕಂಬಳಿ ಒಳಗೆ ಬಾ, ಬೆನ್ನು ನಾನು ಬಾಗಿಲ ಕಡೆ ಮಾಡ್ಕೊಳ್ತೀನಿ.